ಡಬಲ್ಸ್ ಆಡು ಕೂಸೇ

ಶಿರಸಿ

ಪ್ರೀತಿಯ ಕೂಸೇ,

ಟೆನಿಸ್‌ನಲ್ಲಿ ಇನ್ನು ಡಬಲ್ಸ್ ಕಡೆ ಜಾಸ್ತಿ ಗಮನ ಕೊಡು ಅಂತ ಕೋಚ್ ಹೇಳಿದ್ದಕ್ಕೆ ನೀನು ಬೇಜಾರು ಮಾಡಿಕೊಂಡಿದ್ದೀಯ. "ಸಿಂಗಲ್ಸ್‌ಗೆ ನಾನು ಸಾಲೋದಿಲ್ಲ ಅಂತ ತಾನೇ ಆಯಿ ಅದರ ಅರ್ಥ?" ಅಂತ ಫೋನಿನಲ್ಲಿ ಕೇಳಿದೆ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಅವತ್ತು ಜಾಸ್ತಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗಂತೂ ಹಾಗೆ ಅನ್ನಿಸುವುದಿಲ್ಲ. ಡಬಲ್ಸ್‌ನಲ್ಲಿ ಕೋರ್ಟ್ 27 ಅಡಿಯಿಂದ 36 ಅಡಿಗೆ ಅಗಲವಾಗುತ್ತದೆ. ನೆಟ್ ಹತ್ತಿರ ನಿಂತವಳಿಗೆ ಯೋಚನೆ ಮಾಡಲೂ ಪುರುಸೊತ್ತಿಲ್ಲ. ನೀವು ಆಡುವ ಟೂರ್ನಿಗಳಲ್ಲಿ ಡ್ಯೂಸ್, ಅಂದರೆ 40-40 ಆದರೆ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ. ಇಬ್ಬರೂ ಒಂದೊಂದು ಸೆಟ್ ಗೆದ್ದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್. ಹಾಗಾಗಿ ಒಂದು ಕೆಟ್ಟ ಸರ್ವ್ ಇಡೀ ಮ್ಯಾಚ್ ಕಳೆಯಬಹುದು. ನಮ್ಮ ತೋಟದಲ್ಲಿ ಮರ ಹತ್ತಿದ ಕೊನೆಗೌಡ ಮೇಲಿಂದ ಹಗ್ಗದಲ್ಲಿ ಅಡಿಕೆ ಕೊನೆ ಇಳಿಸುವಾಗ ಕೆಳಗೆ ಹಿಡಿಯುವವನ ಕಣ್ಣು ಅತ್ತಿತ್ತ ಹೋಗುವ ಹಾಗಿಲ್ಲ, ಅಲ್ವಾ? ಅವರಲ್ಲಿ ಯಾರದು ಸಣ್ಣ ಕೆಲಸ ಅಂತ ಹೇಳಲು ನನಗೆ ಬರುವುದಿಲ್ಲ.

ರೋಹನ್ ಬೋಪಣ್ಣ ಅವರನ್ನೇ ನೋಡು. ಕೊಡಗಿನ ಕಾಫಿ ತೋಟದ ಮನೆಯ ಹುಡುಗ. 2003ರಲ್ಲಿ ವೃತ್ತಿಪರ ಆಟಗಾರರಾದರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 213. ಅದನ್ನೇ ಹಿಡಿದು ಕೂತಿದ್ದರೆ ಇವತ್ತು ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿರುತ್ತಿತ್ತು? ಡಬಲ್ಸ್‌ನಲ್ಲೂ ದಾರಿ ಸಲೀಸಾಗಿರಲಿಲ್ಲ. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್‌ಗೆ ಬಂದು ಬ್ರಯಾನ್ ಸಹೋದರರಿಗೆ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು. ಆದರೆ ಗ್ರ್ಯಾಂಡ್‌ಸ್ಲಾಮ್‌ನಲ್ಲಿ, ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಪುರುಷರ ಡಬಲ್ಸ್ ಪ್ರಶಸ್ತಿ ಮಾತ್ರ ಬಹಳ ಕಾಲ ಕೈಗೆ ಬರಲೇ ಇಲ್ಲ. ಮೊಣಕಾಲಿನ ಕಾರ್ಟಿಲೇಜ್ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ಮಾಡಿ ಅದೇ ಕಾಲಲ್ಲಿ ಆಡಿದರು. ಒಮ್ಮೆ ಐದು ತಿಂಗಳು ಒಂದು ಮ್ಯಾಚೂ ಗೆಲ್ಲಲಿಲ್ಲ. ಇನ್ನು ಸಾಕು, ಬಿಟ್ಟುಬಿಡುತ್ತೇನೆ ಅಂತ ಹೆಂಡತಿಗೆ ವಿಡಿಯೋ ಕಳಿಸಿದ್ದರಂತೆ. ಆದರೂ ಬಿಡಲಿಲ್ಲ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಅದು ಅವರು ಆಡಿದ 61ನೇ ಗ್ರ್ಯಾಂಡ್‌ಸ್ಲಾಮ್, ಗೆದ್ದದ್ದು ಅದೇ ಮೊದಲು. ವಯಸ್ಸು 43! ಜೊತೆಗೆ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಆದರು. ಆ ವಯಸ್ಸಿನಲ್ಲಿ ಆ ಜಾಗಕ್ಕೆ ಮೊದಲ ಬಾರಿ ಏರಿದವರು ಬೇರೆ ಯಾರೂ ಇಲ್ಲ. ವಿದಾಯ ಹೇಳಿದ್ದು 2025ರ ನವೆಂಬರ್‌ನಲ್ಲಿ. ಆ ಸುದ್ದಿ ಓದಿ ನನಗೆ ಅಳುವೇ ಬಂತು.

ಸಾನಿಯಾ ಮಿರ್ಜಾ ಕತೆ ನಿನಗೇ ಗೊತ್ತು. ಸಿಂಗಲ್ಸ್‌ನಲ್ಲಿ 27ನೇ ಸ್ಥಾನದವರೆಗೆ ಹೋಗಿದ್ದವರು, ಗಾಯಗಳ ಕಾಟಕ್ಕೆ ಅದನ್ನು ಬಿಟ್ಟು ಡಬಲ್ಸ್ ಹಿಡಿದರು. 2015ರಲ್ಲಿ ನಂಬರ್ ಒನ್ ಆದರು. ಮಾರ್ಟಿನಾ ಹಿಂಗಿಸ್ ಜೊತೆ ಸತತ 41 ಮ್ಯಾಚ್ ಗೆದ್ದರು. 14ನೇ ವಯಸ್ಸಿನಲ್ಲಿ ಸಾನಿಯಾಗೆ ಮೊದಲ ಮಿಕ್ಸೆಡ್ ಡಬಲ್ಸ್ ಜೊತೆಗಾರ ಇದೇ ಬೋಪಣ್ಣ. 2023ರಲ್ಲಿ ಸಾನಿಯಾರ ಕೊನೆಯ ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗೂ ಬೋಪಣ್ಣ ಅವರೇ ಜೊತೆ. ಅಷ್ಟು ವರ್ಷದ ಸ್ನೇಹ ಕೊಡುವ ಆಟ ಅದು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಡಬಲ್ಸ್‌ನಲ್ಲಿ ಬಹುಮಾನ ಕಡಿಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಒಟ್ಟು ಬಹುಮಾನ 15,000 ಡಾಲರ್‌ನ ಟೂರ್ನಿ ಅಂದರೆ ಕೇಳಲು ದೊಡ್ಡದು. ಅಷ್ಟೂ ಆಟಗಾರ್ತಿಯರಿಗೆ ಹಂಚಿದ ಮೇಲೆ ಕೈಗೆ ಬರುವುದು ಟಿಕೆಟ್ಟಿಗೂ ಸಾಲುವುದಿಲ್ಲ. ರ‍್ಯಾಂಕಿಂಗ್‌ಗೆ ಗಳಿಸಿದ ಪಾಯಿಂಟ್ ಕೂಡ 52 ವಾರ ಮಾತ್ರ ಉಳಿಯುತ್ತದೆ. ಈ ವರ್ಷ ಕೊಳೆರೋಗದಿಂದ ನಮ್ಮ ಅಡಿಕೆಯೂ ಕಡಿಮೆಯೇ. ಆದರೂ ಅಪ್ಪ ಲೆಕ್ಕ ಹಾಕಿ, ಮುಂದಿನ ಮಳೆಗಾಲದವರೆಗೆ ನಿನ್ನ ಖರ್ಚು ನಡೆಯುತ್ತದೆ ಅಂದಿದ್ದಾರೆ. ಆ ಚಿಂತೆ ನಮಗೆ ಬಿಡು. ಫಿಸಿಯೋ ಖರ್ಚಲ್ಲಿ ಮಾತ್ರ ಉಳಿಸಲು ಹೋಗಬೇಡ.

ಜೊತೆಗಾರ್ತಿಯನ್ನು ಹುಡುಕುವಾಗ ರ‍್ಯಾಂಕ್ ಒಂದನ್ನೇ ನೋಡಬೇಡ. ನೀನು ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಮಾಡಿದಾಗ ಅವಳ ಮುಖ ಹೇಗಿರುತ್ತದೆ ಅಂತಲೂ ನೋಡು.

ಯಾರ ಜೊತೆ ಹೆಸರು ಕೊಡುತ್ತೀಯ ಅಂತ ತಿಳಿಸು. ಮಾರಿಕಾಂಬಾ ಜಾತ್ರೆಗೆ ಅವಳನ್ನೂ ಕರೆದುಕೊಂಡು ಬಾ. ಅದೇ ವಾರ ಟೂರ್ನಿ ಇದ್ದರೆ ಟೂರ್ನಿಗೇ ಹೋಗು. ಜಾತ್ರೆ ಎರಡು ವರ್ಷಕ್ಕೆ ಮತ್ತೆ ಬರುತ್ತದೆ.

ನಿನ್ನ
ಆಯಿ