ಒಂದನೇ ತರಗತಿಯ ಶಿಕ್ಷಕರ ಮತ: ಬಸವರಾಜ ಹೊರಟ್ಟಿ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಬಸವರಾಜ ಹೊರಟ್ಟಿ ಅವರಿಗೆ,

ಸಾದರ ನಮಸ್ಕಾರಗಳು.

2022ರ ಜೂನ್ 13ರಂದು, ಶಿಕ್ಷಕರೇ ಮತ ಹಾಕಿ ವಿಧಾನ ಪರಿಷತ್ತಿಗೆ ತಮ್ಮ ಪ್ರತಿನಿಧಿಯನ್ನು ಆರಿಸುವ ಪಶ್ಚಿಮ ಶಿಕ್ಷಕರ ಕ್ಷೇತ್ರದ ಮತದಾನ ನಡೆದಾಗ ನಾನು ಮತಗಟ್ಟೆಯೊಂದರಲ್ಲಿ ಚುನಾವಣಾ ಕರ್ತವ್ಯದ ಮೇಲಿದ್ದೆ. ಬಂದವರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಸಹಿ ಹಾಕಿಸಿಕೊಂಡು, ಮತಪತ್ರವನ್ನೂ ಪ್ರಾಶಸ್ತ್ಯದ ಅಂಕಿ ಬರೆಯಲು ನೇರಳೆ ಶಾಯಿಯ ಪೆನ್ನನ್ನೂ ಅವರ ಕೈಗೆ ಕೊಡುತ್ತಿದ್ದೆವು. ಹಾಗೆ ಪೆನ್ನು ಪಡೆದವರಲ್ಲಿ ಒಬ್ಬ, ಒಂದನೇ ತರಗತಿಯಲ್ಲಿ ನನ್ನ ಮುಂದೆ ಕುಳಿತು ಅಕ್ಷರ ತಿದ್ದಿದವ. ಈಗ ಪ್ರೌಢಶಾಲೆಯ ಸಹಶಿಕ್ಷಕ. "ಸರ್, ನಿಮ್ಮದು ಆತೇನ್ರಿ?" ಎಂದು ಕೇಳಿದ. "ನಮಗ ಇಲ್ಲೋ ತಮ್ಮಾ" ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ. ಶಿಕ್ಷಕರ ಕ್ಷೇತ್ರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತವಿಲ್ಲವೆಂಬುದು ಬಹಳ ಜನರಿಗೆ ಗೊತ್ತಿಲ್ಲ.

ಆ ಚುನಾವಣೆಯಲ್ಲಿ ತಾವು ಎಂಟನೇ ಬಾರಿ ಗೆದ್ದಿರಿ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ತಾವು 1980ರಲ್ಲಿ ಮೊದಲ ಸಲ ವಿಧಾನ ಪರಿಷತ್ತಿಗೆ ಬಂದವರು. ಬಹುಕಾಲ ಜನತಾ ಪರಿವಾರದಲ್ಲಿದ್ದು 2022ರಲ್ಲಿ ಬಿಜೆಪಿಯಿಂದ ನಿಂತಾಗಲೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಶಿಕ್ಷಕರು ಕೈಬಿಡಲಿಲ್ಲ. ಮತದಾರರು ಪಕ್ಷಕ್ಕಿಂತ ತಮ್ಮ ಮಾಸ್ತರರನ್ನು ನೋಡಿದರೆಂದೇ ನಾನು ತಿಳಿದಿದ್ದೇನೆ. 2020ರ ಡಿಸೆಂಬರಿನಲ್ಲಿ ಸಭಾಪತಿ ಪೀಠದ ಸುತ್ತಲೇ ಎಳೆದಾಟ ನಡೆದು ಪರಿಷತ್ತು ತಲೆತಗ್ಗಿಸಿದ ಮೇಲೆ, ಎರಡು ತಿಂಗಳೊಳಗೆ ಅದೇ ಪೀಠಕ್ಕೆ ಸದನ ತಮ್ಮನ್ನು ಆರಿಸಿದ್ದು ಸಣ್ಣ ಮಾತಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು 2006ರ ನಂತರ ತಾವು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾಗಿದ್ದ ದಿನಗಳು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸುತ್ತಿದ್ದ ಶಾಲೆಗಳ ಮೇಲೆ ಆಗ ಸರ್ಕಾರ ಕ್ರಮಕ್ಕೆ ಮುಂದಾಯಿತು; ಮಗು ಮೊದಲು ಯಾವ ಭಾಷೆಯಲ್ಲಿ ಓದಬೇಕೆಂಬ ಚರ್ಚೆ ಮನೆಮನೆಗೂ ಬಂತು. ಆ ಚರ್ಚೆಯೆಲ್ಲ ನಡೆದದ್ದು ನಮ್ಮ ತರಗತಿಗಳ ಕುರಿತೇ ಆಗಿದ್ದರೂ, ಶಿಕ್ಷಕರ ಪ್ರತಿನಿಧಿಯನ್ನು ಆರಿಸುವಾಗ ಮಾತ್ರ ನಾವು ಲೆಕ್ಕಕ್ಕಿಲ್ಲ.

ಸಂವಿಧಾನದ 171ನೇ ವಿಧಿಯು, ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ್ದಲ್ಲದ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರಿಗೆ ಮಾತ್ರ ಈ ಮತದ ಹಕ್ಕು ಕೊಟ್ಟಿದೆ. 75 ಸದಸ್ಯರ ನಮ್ಮ ಪರಿಷತ್ತಿನಲ್ಲಿ ಹೀಗೆ ಆರಿಸಿ ಬರುವವರು 7 ಮಂದಿ. 1950ರಲ್ಲಿ ಇದಕ್ಕೆ ಕಾರಣವಿದ್ದಿರಬಹುದು. ಇಂದು ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆಯೇ ಒಂದರಿಂದ ಎಂಟರವರೆಗಿನ ಓದನ್ನು ಒಂದೇ ಘಟ್ಟವೆಂದು ಪರಿಗಣಿಸಿದೆ, ಮತ್ತು ನಮ್ಮ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೇ ತರಗತಿಯೂ ಇದೆ. ಅದೇ ಪಠ್ಯಪುಸ್ತಕ ಹಿಡಿದು ಎಂಟನೇ ತರಗತಿಗೆ ಗಣಿತ ಹೇಳುವ ಇಬ್ಬರಲ್ಲಿ ಪ್ರೌಢಶಾಲೆಯವರು ಮತದಾರರು, ಪ್ರಾಥಮಿಕ ಶಾಲೆಯವರು ಅಲ್ಲ. ನಮ್ಮಲ್ಲಿ ಪದವಿ ಪಡೆದವರು ಪದವೀಧರರ ಕ್ಷೇತ್ರದಲ್ಲಿ ಮತ ಹಾಕಬಹುದು ನಿಜ, ಆದರೆ ಅದು ಪದವಿಗೆ ಸಂದ ಮತ, ವೃತ್ತಿಗೆ ಸಂದದ್ದಲ್ಲ.

ಇದಕ್ಕೆ ಸಂವಿಧಾನ ತಿದ್ದುಪಡಿಯ ದೊಡ್ಡ ದಾರಿಯೇ ಬೇಕೆಂದಿಲ್ಲ. ಸಂಸತ್ತು ಕಾನೂನಿನ ಮೂಲಕ ಬೇರೆ ರೀತಿ ಗೊತ್ತುಪಡಿಸುವವರೆಗೆ ಮಾತ್ರ ಈ ರಚನೆ ಇರತಕ್ಕದ್ದು ಎಂದು ಅದೇ ವಿಧಿಯ ಎರಡನೇ ಖಂಡ ಹೇಳುತ್ತದೆ. ರಾಜ್ಯದ ಸದನ ಒಂದು ನಿರ್ಣಯ ಅಂಗೀಕರಿಸಿ ಸಂಸತ್ತನ್ನು ಕೋರಬಹುದು. ಸಭಾಪತಿ ಪೀಠದಲ್ಲಿರುವವರು ನಿರ್ಣಯ ಮಂಡಿಸಲಾರರು, ಮತಗಳು ಸಮವಾದಾಗಲ್ಲದೆ ಮತ ಹಾಕಲಾರರು ಎಂಬುದನ್ನು ಬಲ್ಲೆ. ಆದರೂ ನಾಲ್ಕು ದಶಕ ಒಂದೇ ಸದನದಲ್ಲಿ ಕಳೆದವರು ಶಿಕ್ಷಕರ ಕ್ಷೇತ್ರಗಳ ಉಳಿದ ಸದಸ್ಯರನ್ನು ಕರೆದು ಕೂರಿಸಿ, ಇದನ್ನು ಚರ್ಚೆಗೆ ತನ್ನಿ ಎಂದರೆ ಆ ಮಾತಿಗೆ ತೂಕವಿದೆ. ಈ ಬೇಡಿಕೆಯನ್ನು ತಮ್ಮಷ್ಟು ಅಧಿಕಾರದಿಂದ ಹೇಳಬಲ್ಲ ಇನ್ನೊಬ್ಬರು ನನಗೆ ಕಾಣುವುದಿಲ್ಲ.

ಎಂಟನೇ ಗೆಲುವಿನ ಅವಧಿ 2028ರಲ್ಲಿ ಮುಗಿಯುತ್ತದೆ. ನಾನು ನಿವೃತ್ತನಾಗಿದ್ದೇನೆ, ಈ ಹಕ್ಕು ಬಂದರೂ ನನಗೆ ದಕ್ಕುವುದಿಲ್ಲ. ನನ್ನ ನಂತರ ಆ ಒಂದನೇ ತರಗತಿಗೆ ಬಂದಿರುವ ಶಿಕ್ಷಕಿಗಾಗಿ, ಮುಂದಿನ ಅಧಿವೇಶನದಲ್ಲೇ ಈ ನಿರ್ಣಯ ಸದನದ ಮುಂದೆ ಬರುವಂತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ