ಸೇತುವೆಯ ಈಚೆ: ಮಗಳಿಗೊಂದು ಪತ್ರ

ವರ್ಲಕೊಂಡ, ಜನವರಿ 9, ರಾತ್ರಿ

ಮಗಳೇ,

ನಿನ್ನ ತಂದೆಯ ಆಶೀರ್ವಾದಗಳು. ಉಭಯ ಕುಶಲೋಪರಿ. ಕನ್ಯಾಕುಮಾರಿಯಿಂದ ನಡೆಯಲು ಆರಂಭಿಸಿ ಒಂದು ತಿಂಗಳು ದಾಟಿದರೂ ಫೋನಿನಲ್ಲಿ "ಊಟ ಆಯಿತು, ಕಾಲು ಚೆನ್ನಾಗಿದೆ" ಎಂಬೆರಡು ಮಾತಿನಾಚೆಗೆ ನಾನು ಏನನ್ನೂ ಹೇಳುವುದಿಲ್ಲವೆಂದು ನೀನು ಆಕ್ಷೇಪಿಸಿದ್ದೆ. ಬಾಯಲ್ಲಿ ಹೇಳಲು ಬಾರದ್ದನ್ನು ಬರೆದು ನೋಡುತ್ತಿದ್ದೇನೆ. ರಜೆಯ ಅರ್ಜಿ ಮತ್ತು ಮೆಮೋಗೆ ಸಮಜಾಯಿಷಿ, ಇವೆರಡನ್ನು ಬಿಟ್ಟು ಬೇರೇನನ್ನೂ ಬರೆದು ರೂಢಿಯಿಲ್ಲದ ಕೈ ಇದು; ಭಾಷೆಯೂ ಅರ್ಜಿಯಂತೆಯೇ ಕಂಡರೆ ನಗಬೇಡ.

ಕಾಶಿಗೆ ನಡೆದೇ ಹೋಗಬೇಕೆ, ರೈಲಿಲ್ಲವೇ ಎಂದು ಕೇಳಿದ್ದೆಯಲ್ಲ, ಇದು ಹರಕೆಯಲ್ಲ. ನಮ್ಮ ಊರಿನ ಪಕ್ಕದ ಹೆದ್ದಾರಿ ಹಿಂದೆ 7ನೇ ಸಂಖ್ಯೆಯದಾಗಿತ್ತು. ವಾರಾಣಸಿಯಿಂದ ಕನ್ಯಾಕುಮಾರಿಗೆ 2,369 ಕಿಲೋಮೀಟರ್. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಾಯಿಸಿದಾಗ ನಮ್ಮ ಭಾಗ 44 ಆಯಿತು, ಮತ್ತು ಆ 44 ಈಗ ಮಧ್ಯಪ್ರದೇಶದ ಲಖನಾದೌನ್‌ ಬಳಿ ಹಳೆಯ ದಾರಿಯನ್ನು ಜಬಲ್ಪುರದ ಕಡೆಗೆ ಬಿಟ್ಟುಕೊಟ್ಟು, ತಾನು ಸಾಗರ, ಝಾನ್ಸಿಗಳ ಮೇಲಿಂದ ಶ್ರೀನಗರಕ್ಕೆ ಹೋಗುತ್ತದೆ. ನಾನು ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದು ಈ ಇಡೀ ರಸ್ತೆಯಲ್ಲಿ ಬೆಂಗಳೂರಿನಿಂದ ಬಾಗೇಪಲ್ಲಿಯವರೆಗಿನ ಸುಮಾರು ನೂರು ಕಿಲೋಮೀಟರ್ ಮಾತ್ರ. ಬಾಗೇಪಲ್ಲಿಯಲ್ಲಿ ಬಸ್ಸು ತಿರುಗಿಸುವಾಗಲೆಲ್ಲ ಮುಂದಿನ ರಸ್ತೆ ಕನ್ನಡಿಯಲ್ಲಿ ಕಾಣುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ನೋಡಬೇಕೆನಿಸಿದ್ದು ಬಿಟ್ಟರೆ ಬೇರೆ ಕಾರಣ ನನ್ನಲ್ಲಿಲ್ಲ. ಬಿಸಿಲು ಏರುವ ಮೊದಲು ನಾಗಪುರವನ್ನು ದಾಟಬೇಕೆಂಬ ಲೆಕ್ಕದಲ್ಲಿ ಚಳಿಗಾಲವನ್ನು ಆರಿಸಿಕೊಂಡೆ.

ನಿನ್ನೆ, ಮೊನ್ನೆ ಎರಡು ರಾತ್ರಿ, ದಾರಿಯಲ್ಲೇ ಸಿಗುವ ನಮ್ಮ ಮನೆಯಲ್ಲಿಯೇ ಮಲಗಿದ್ದೆ. ಮನೆ ಸೇರಿದವರು ಮತ್ತೆ ಹೊರಡುವುದು ಯಾವ ಸೀಮೆಯ ಯಾತ್ರೆಯೆಂದು ನಿನ್ನ ಅಮ್ಮ ಗೊಣಗುತ್ತಲೇ ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟಳು. ಬೆಳಿಗ್ಗೆ ಐದೂವರೆಗೆ ಹೊರಟಾಗ ಎದುರಿನ ಮನೆಯೂ ಕಾಣದಷ್ಟು ಮಂಜು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಚಾಲಕನ ಕಣ್ಣಿಗೇ ವಾಪಸಾಗುತ್ತದೆ. ಹಾಗೆ ಹಾಕಿಕೊಂಡು ಬರುವವರು ಎಷ್ಟು ಜನರೆಂದು ನನಗೆ ಗೊತ್ತಿರುವುದರಿಂದ, ಬಿಸಿಲು ಬರುವವರೆಗೆ ಸರ್ವಿಸ್ ರಸ್ತೆ ಬಿಟ್ಟು ಕದಲಲಿಲ್ಲ. ಹೊಳೆಯುವ ಪಟ್ಟಿಯ ಜಾಕೆಟ್ಟನ್ನೂ ತೊಟ್ಟಿದ್ದೆ, ಎದುರಿಗೆ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿಯೇ ನಡೆದೆ. ನೀನು ಕೇಳುವ ಮೊದಲೇ ಇದನ್ನು ಬರೆದಿದ್ದೇನೆ.

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಗೆ ನೆಲ ಸುಮಾರು 200 ಮೀಟರ್ ಇಳಿಯುತ್ತದೆ. ನಂದಿಯ ಸಾಲಿನಲ್ಲಿ ಹುಟ್ಟುವ ಚಿತ್ರಾವತಿಯೂ ಈ ಇಳಿಜಾರನ್ನೇ ಹಿಡಿದು ಬಾಗೇಪಲ್ಲಿಯ ಮೇಲೆ ಹಾದು ಪುಟ್ಟಪರ್ತಿಯ ಕಡೆಗೆ ಹೋಗುತ್ತದೆ. ಡೀಸೆಲ್ ಉಳಿಸುವ ಚಾಲಕನಿಗೆ ಇಳಿಜಾರೆಂದರೆ ಉಳಿತಾಯ. ಯಾವ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಎಲ್ಲಿಯವರೆಗೆ ಬಸ್ಸು ತಾನಾಗಿ ಉರುಳುತ್ತದೆಂಬುದು ನನಗೆ ಬಾಯಿಪಾಠವಾಗಿತ್ತು. ಅದೇ ಇಳಿಜಾರು ಮಂಡಿಗೆ ಖರ್ಚಿನ ಬಾಬತ್ತೆಂದು ಇಂದು ತಿಳಿಯಿತು. ಕನ್ಯಾಕುಮಾರಿಯಿಂದ ಇಲ್ಲಿಯವರೆಗಿನ ಏರಿನಲ್ಲೂ ಸುಮ್ಮನಿದ್ದ ಎಡಮಂಡಿ ನಮ್ಮ ಊರಿನ ಇಳಿಜಾರಿನಲ್ಲಿ ಮಾತನಾಡತೊಡಗಿತು.

ಪೇರೇಸಂದ್ರಕ್ಕೆ ಮುಂಚೆ ಸಿಗುವ ಒಂದು ಹಳ್ಳಿಯ ಹತ್ತಿರ (ಹೆಸರು ಬರೆಯುವುದಿಲ್ಲ) ಸರ್ವಿಸ್ ರಸ್ತೆಯ ಅರ್ಧ ಅಗಲಕ್ಕೆ ಹುರುಳಿ ಹರಡಿದ್ದರು. ಹೋಗಿಬರುವ ವಾಹನಗಳು ತುಳಿದು ಕಾಳು ಬಿಡಿಸಲಿ ಎಂಬ ಈ ಒಕ್ಕಣೆಯನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಬಯ್ದಿದ್ದೇನೆ. ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡು ಸೈಲೆನ್ಸರ್‌ನ ಕಾವಿಗೆ ಹೊತ್ತಿಕೊಳ್ಳಬಹುದು. ಒಮ್ಮೆ ಬಸ್ಸಿನ ಕೆಳಗೆ ಮಲಗಿ ಕುಡುಗೋಲಿನಿಂದ ಕೊಯ್ದು ತೆಗೆದಿದ್ದೇನೆ. ಅದು ತಪ್ಪೆಂದೇ ಈಗಲೂ ಹೇಳುತ್ತೇನೆ. ಆದರೆ ಇಂದು ಅದರ ಅಂಚಿನಲ್ಲಿ ಕುಳಿತು ಮೊರದಲ್ಲಿ ಕೇರುತ್ತಿದ್ದ ಅಜ್ಜಿ ತಲೆಯೆತ್ತಿ, "ಯಾಡಿಕಿ ಪೋತಾವು ನಾಯನಾ?" (ಎಲ್ಲಿಗೆ ಹೋಗುತ್ತೀಯಪ್ಪಾ?) ಎಂದು ತೆಲುಗಿನಲ್ಲಿ ಕೇಳಿದಾಗ ಬಯ್ಯಲು ಬಾಯಿ ಬರಲಿಲ್ಲ. "ಕಾಶಿಕಿ" ಎಂದೆ. ಅಜ್ಜಿ ನನ್ನ ಮುಖವನ್ನೂ ಬೂಟನ್ನೂ ನೋಡಿ, ಕೂತುಕೋ ಎಂದು ಕೈಯಲ್ಲಿಯೇ ಹೇಳಿ, ಉಪ್ಪು ಹಾಕಿ ಬೇಯಿಸಿದ ಅವರೆಕಾಯಿಯ ತಟ್ಟೆಯನ್ನು ನನ್ನ ಕಡೆಗೆ ತಳ್ಳಿತು. ಮಂಜು ಬಿದ್ದ ಕಾಯಿಗೆ ಸೊಗಡು ಹೆಚ್ಚೆನ್ನುವುದು ಸುಳ್ಳಲ್ಲ. ಹಲ್ಲಿನಲ್ಲಿ ಸಿಪ್ಪೆಯನ್ನು ಎಳೆದು ಕಾಳು ಬಾಯಿಗೆ ಬಿಟ್ಟುಕೊಂಡ ಬೆರಳುಗಳು ಈ ಕಾಗದ ಬರೆಯುವಾಗಲೂ ಸಣ್ಣಗೆ ಅಂಟಂಟಾಗಿವೆ.

ಕಾಶಿಯವರೆಗೆ ಬಸ್ಸಿನಲ್ಲಿ ಹೋಗಬಾರದೇ ಎಂದು ಕೇಳಿದ ಅಜ್ಜಿಯೇ, ಮರುಕ್ಷಣ ತನ್ನ ಮಾತನ್ನು ತಾನೇ ತಿದ್ದಿಕೊಂಡು, ಬಸ್ಸಿನವರನ್ನು ನಂಬಿ ಕೆಟ್ಟೆವು, ಊರಿನ ಮುಂದೆ ನಿಲ್ಲಿಸದೆ ಸೇತುವೆಯ ಈಚೆಯೇ ಇಳಿಸಿ ಮೇಲಿನಿಂದ ಹಾದುಹೋಗುತ್ತಾರೆ ಎಂದಿತು. ರಸ್ತೆ ನಾಲ್ಕು ಪಥವಾದ ಮೇಲೆ ಊರುಗಳಿಗೆ ಮೇಲ್ಸೇತುವೆ ಬಂದವಲ್ಲ, ಕೆಳಗಿಳಿದು ನಿಲ್ದಾಣಕ್ಕೆ ಹೋಗಿ ಮತ್ತೆ ಮೇಲೇರಿದರೆ ನಾಲ್ಕು ನಿಮಿಷ. ತಡವಾದ ದಿನಗಳಲ್ಲಿ ಆ ನಾಲ್ಕು ನಿಮಿಷವನ್ನು ನಾನೂ ಉಳಿಸಿದ್ದೇನೆ. "ಸೇತುವೆ ಹತ್ತಿರ ಇಳಿದುಕೊಳ್ಳಿ, ಇಲ್ಲೇ ಪಕ್ಕದಲ್ಲೇ" ಎಂದು ಕನ್ನಡಿಯಲ್ಲಿ ನೋಡಿಕೊಂಡೇ ಹೇಳಿದ್ದೇನೆ. ತಡವೆಂದರೆ ಮೆಮೋ ಬರುತ್ತಿತ್ತೆಂಬುದು ನಿಜ. ತಡವಾಗದ ದಿನವೂ ಹಾಗೆ ಮಾಡಿದ್ದೇನೆಂಬುದೂ ನಿಜ, ಅದನ್ನು ಯಾವ ಸಮಜಾಯಿಷಿಯಲ್ಲೂ ಬರೆದಿರಲಿಲ್ಲ.

ನಾನು ಚಾಲಕನಾಗಿದ್ದೆನೆಂದು ಅಜ್ಜಿಗೆ ಹೇಳಲಿಲ್ಲ. ಎದ್ದು, ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗಿ, ನಾನು ಜನರನ್ನು ಇಳಿಸುತ್ತಿದ್ದ ಜಾಗದಲ್ಲಿ ನಿಂತು, ಅಲ್ಲಿಂದ ಸೇತುವೆಯ ಕೆಳಗಿನ ನಿಲ್ದಾಣದವರೆಗೆ ಹೆಜ್ಜೆ ಎಣಿಸಿದೆ. ಎಂಟುನೂರ ಅರವತ್ತು. ಬೆನ್ನಿಗೆ ಏಳು ಕಿಲೋ ಚೀಲ ಹೊತ್ತ, ತಿಂಗಳಿಂದ ದಿನವೂ ಇಪ್ಪತ್ತೈದು ಕಿಲೋಮೀಟರ್ ನಡೆದು ಪಳಗಿದ ಗಂಡಸಿನ ಹೆಜ್ಜೆಗಳು ಅವು, ಅದೂ ಹಗಲಿನಲ್ಲಿ. ಕಡೆಯ ಟ್ರಿಪ್ಪಿನಲ್ಲಿ ಇಳಿಯುತ್ತಿದ್ದವರು ಹೆಚ್ಚಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಬರುವವರು, ಸಂತೆ ಮುಗಿಸಿ ಬರುವವರು, ಮಕ್ಕಳನ್ನು ಎತ್ತಿಕೊಂಡವರು. ಆ ಜಾಗದಲ್ಲಿ ದೀಪದ ಕಂಬ ಇಂದಿಗೂ ಇಲ್ಲ. ನಾನು ಎಣಿಸುತ್ತಾ ವಾಪಸು ಬಂದದ್ದನ್ನು ಅಜ್ಜಿ ಕಂಡು, ಏನು ಕಳೆದುಕೊಂಡೆ ಎಂದು ಕೇಳಿತು. ಕರವಸ್ತ್ರ ಎಂದೆ.

ಮುಂದಿನದರಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ಪೇರೇಸಂದ್ರ ತಲುಪುವಾಗ ಮಧ್ಯಾಹ್ನವಾಗಿತ್ತು. ಗುಡಿಬಂಡೆಯ ದಾರಿ ಒಡೆಯುವಲ್ಲಿನ ಹೋಟೆಲಿನಲ್ಲಿ ಟೀ ಕುಡಿದು, ಅಮ್ಮನ ರೊಟ್ಟಿಯನ್ನು ಅಲ್ಲಿಯೇ ಬಿಚ್ಚಿ ತಿಂದೆ. ಹೊತ್ತು ಇಳಿಯುವಾಗ ವರ್ಲಕೊಂಡದ ಬೆಟ್ಟ ಎದುರಾಯಿತು. ಇಲ್ಲಿ ಗುಡಿಯ ಜಗಲಿಯಲ್ಲಿ ಮಲಗಲು ಜಾಗ ಕೊಟ್ಟು, ಕೇಳದಿದ್ದರೂ ಒಂದು ಕಂಬಳಿಯನ್ನೂ ತಂದಿಟ್ಟಿದ್ದಾರೆ. ಎಡಗಾಲಿನ ಹಿಮ್ಮಡಿಯಲ್ಲಿ ರೂಪಾಯಿಯಗಲದ ಬೊಬ್ಬೆಯೆದ್ದಿದೆ. ಒಡೆಯದೆ ಬಟ್ಟೆ ಸುತ್ತಿದ್ದೇನೆ. ಅಮ್ಮನಿಗೆ ಹೇಳಬೇಡ.

ನಾಳೆ ಬಾಗೇಪಲ್ಲಿ, ನಾಡಿದ್ದು ಆಂಧ್ರ. ಪೆಂಚ್ ಹುಲಿಕಾಡಿನ ಬಗ್ಗೆ ನೀನು ಹೆದರಿದ್ದೆ; ಪ್ರಾಣಿಗಳು ಅಡಿಯಲ್ಲಿ ದಾಟಲೆಂದು ಅಲ್ಲಿ ರಸ್ತೆಯನ್ನೇ ಎತ್ತರಕ್ಕೆ ಕಟ್ಟಿದ್ದಾರೆ, ಆದರೂ ಆ ಭಾಗವನ್ನು ನಾನು ಬಸ್ಸಿನಲ್ಲಿಯೇ ದಾಟುತ್ತೇನೆ. ಬಸ್ಸು ಹತ್ತಲು ನನಗೆ ನಾಚಿಕೆಯಿಲ್ಲ. ಹೈದರಾಬಾದಿನಲ್ಲಿರುವ ನಿನ್ನ ಗೆಳತಿಯ ಮನೆಗೆ ಎರಡು ಜೊತೆ ದಪ್ಪ ಕಾಲುಚೀಲ ಕಳಿಸಿಡು, ಹತ್ತನೆಯ ನಂಬರು. ಇನ್ನೊಂದು ಕೆಲಸ: ಆ ಹಳ್ಳಿಯ ಸೇತುವೆಯ ಬಗ್ಗೆ ಡಿಪೋಗೆ ಒಂದು ಅರ್ಜಿಯನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ಹೆಜ್ಜೆಯ ಲೆಕ್ಕವೂ ಅದರಲ್ಲಿದೆ. ನಿನ್ನ ಕಂಪ್ಯೂಟರಿನಲ್ಲಿ ಶುದ್ಧವಾಗಿ ಟೈಪು ಮಾಡಿ, ನನ್ನ ಹೆಸರಿನ ಕೆಳಗೆ "ನಿವೃತ್ತ ಚಾಲಕ" ಎಂದು ಹಾಕಿ ಕಳಿಸು.

ನಿನ್ನ ಅಪ್ಪ