ನಡಿಗೆಯ ಕೈಪಿಡಿ ಅಚ್ಚಾಗಿ ಬಂತು: ದುಡಿದವರಿಗೆಲ್ಲ ನಮಸ್ಕಾರ

ಸಿಡ್ನಿಯಲ್ಲಿರುವ ಮಕ್ಕಳ ಮನೆಗೆ ಬಂದು ನಾಲ್ಕಾರು ತಿಂಗಳು ಇದ್ದು ಹೋಗುವ ಅಪ್ಪ ಅಮ್ಮಂದಿರಿಗಾಗಿ ಮಾಡಿದ ಕೈಪಿಡಿ ಕೊನೆಗೂ ಅಚ್ಚಾಗಿ ಕೈಗೆ ಬಂದಿದೆ. ರಾಯಲ್ ನ್ಯಾಷನಲ್ ಪಾರ್ಕಿನ ಸುಲಭದ ಕಾಲುದಾರಿಗಳು, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಇದಕ್ಕೆ ದುಡಿದವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ಆದರೆ ಯಾರು ಏನು ಮಾಡಿದರು ಅಂತ ಹೇಳದೆ ಇರಲಾಗುವುದಿಲ್ಲ.

ಮೊದಲು, ವೀಲ್‌ಚೇರ್ ತಳ್ಳಿಕೊಂಡು ಬಂಗೂನಾ ಲುಕ್‌ಔಟಿನ ದಾರಿ ಪೂರ್ತಿ ನೋಡಿ ಬಂದ ದಂಪತಿಗೆ. ಪಾರ್ಕಿನೊಳಗಿನ ಆಡ್ಲಿ ಎಂಬ ಜಾಗಕ್ಕೆ ಹತ್ತಿರದ ಈ ದಾರಿ ಹೋಗಿ ಬರಲು ಸುಮಾರು ಒಂದು ಕಿಲೋಮೀಟರ್, ಮೆಟ್ಟಿಲಿಲ್ಲ, ಕೊನೆಗೆ ಕೆಳಗೆ ಹ್ಯಾಕಿಂಗ್ ನದಿ ಕಾಣುತ್ತದೆ. ಇಲ್ಲಿ ಕಾಲುದಾರಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಒಂದನೇ ದರ್ಜೆಯೆಂದರೆ ಸಮತಟ್ಟು, ಮೆಟ್ಟಿಲಿಲ್ಲದ್ದು. ಎರಡರಲ್ಲಿ ಅಲ್ಲಲ್ಲಿ ಮೆಟ್ಟಿಲು, ಸಣ್ಣ ಏರು. ಮೂರು ಅಂದ ಕೂಡಲೇ ಕಡಿದಾದ ಏರು, ಒರಟು ನೆಲ, ಬಹಳ ಮೆಟ್ಟಿಲು ಇರಬಹುದು ಅಂತ ಅರ್ಥ. ಮಂಡಿನೋವಿನವರಿಗೆ ಎರಡೇ ಮಿತಿ ಅಂತ ಕೈಪಿಡಿಯಲ್ಲಿ ಖಡಾಖಂಡಿತವಾಗಿ ಬರೆದಿದ್ದೇವೆ. "ತುಂಬಾ ಈಸಿ" ಅನ್ನುವ ಇಪ್ಪತ್ತೈದರ ಹುಡುಗರ ಮಾತನ್ನು ನಂಬಿ ಹೊರಡಬಾರದು.

ಇನ್ನೊಂದು ಮಾತನ್ನೂ ಆ ದಂಪತಿಯೇ ಎತ್ತಿ ತೋರಿಸಿದರು. ನಮ್ಮೂರಿನ ಬೆಟ್ಟಗಳಲ್ಲಿ ಹತ್ತುವುದು ಮೊದಲು, ಇಳಿಯುವುದು ಆಮೇಲೆ. ಸಿಡ್ನಿಯಲ್ಲಿ ಇದು ತಿರುಗುಮುರುಗು. ಸುತ್ತಲಿನ ನೆಲ ಮರಳುಗಲ್ಲಿನ ಎತ್ತರದ ಹಾಸು, ನದಿ ತೊರೆಗಳು ಅದನ್ನು ಕೊರೆದು ಕೆಳಗೆ ಹರಿಯುತ್ತವೆ. ಕಾರು ನಿಲ್ಲುವುದು ಮೇಲೆ, ನೋಡುವ ಜಾಗ ಕೆಳಗೆ. ಹೋಗುವಾಗ ಸಲೀಸು, ಬಿಸಿಲೇರಿ ದಣಿದ ಮೇಲೆ ಏರು. ಹಾಗಾಗಿ ಪ್ರತಿ ದಾರಿಯ ಪುಟದಲ್ಲೂ "ಹಿಂತಿರುಗುವಾಗ ಏರು ಎಷ್ಟು" ಅನ್ನುವ ಸಾಲು ಬೇರೆಯಾಗಿ ಸೇರಿತು. ಇಂಗ್ಲಿಷಿನಲ್ಲಿ ಸಿಗುವ ಕರಪತ್ರಗಳಿಗಿಂತ ನಮ್ಮದು ಹಿರಿಯರಿಗೆ ಹೆಚ್ಚು ಕೆಲಸಕ್ಕೆ ಬಂದರೆ, ಅದು ಈ ಒಂದು ಸಾಲಿನಿಂದ.

ಲೇಡಿ ಕ್ಯಾರಿಂಗ್ಟನ್ ಡ್ರೈವಿನ ಪುಟ ಬರೆದುಕೊಟ್ಟ ನಿವೃತ್ತ ಮೇಷ್ಟ್ರಿಗೂ ನಮಸ್ಕಾರ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕುದುರೆಗಾಡಿಗಾಗಿ ಮಾಡಿದ ರಸ್ತೆ ಇದು. ಈಗ ಕಾರಿಗೆ ಪ್ರವೇಶವಿಲ್ಲ. ನದಿಯ ಪಕ್ಕಕ್ಕೇ ಹೋಗುವುದರಿಂದ ಏರಿಳಿತ ಕಡಿಮೆ, ಅಗಲ ಜಾಸ್ತಿ, ಇಬ್ಬರು ಮಾತಾಡಿಕೊಂಡು ಜೊತೆಯಲ್ಲಿ ನಡೆಯಬಹುದು. ಒಂದು ಬದಿಗೆ ಸುಮಾರು 10 ಕಿಲೋಮೀಟರ್, ಅಷ್ಟೂ ನಡೆಯಬೇಕಿಲ್ಲ. ಆಡ್ಲಿ ಕಡೆಯಿಂದ ಹೊರಟು ಅರ್ಧ ಗಂಟೆ ನಡೆದು ಅದೇ ದಾರಿಯಲ್ಲಿ ವಾಪಸಾಗುವುದು ಅವರ ಸಲಹೆ. ಸೈಕಲ್‌ನವರು ಹಿಂದಿನಿಂದ ಬರುತ್ತಾರೆ, ಎಡಕ್ಕೇ ಇರಿ. ಉದುರಿದ ಎಲೆ ಒದ್ದೆಯಾದರೆ ಕಾಲು ಜಾರುತ್ತದೆ. ಗಾಳಿ ಜೋರಾಗಿರುವ ದಿನ ನೀಲಗಿರಿ ಜಾತಿಯ ಮರಗಳ ಕೊಂಬೆ ಮುರಿದು ಬೀಳುವುದುಂಟು, ಅಂಥ ದಿನ ಹೋಗಬೇಡಿ. ಕುಡಿಯುವ ನೀರು ಸಿಗುವುದಿಲ್ಲ, ಎರಡು ಗಂಟೆಯ ನಡಿಗೆಗೆ ತಲೆಗೆ ಒಂದು ಲೀಟರಾದರೂ ಕೈಯಲ್ಲಿರಲಿ. ಜೋರು ಮಳೆಯಾದರೆ ಆಡ್ಲಿಯ ವಿಯರ್ (ನದಿಗೆ ಕಟ್ಟಿದ ತಗ್ಗು ಒಡ್ಡು) ಮೇಲಿನ ರಸ್ತೆಯೇ ಮುಳುಗಿ ಮುಚ್ಚುತ್ತದೆ. ಆಗ ವಾಟರ್‌ಫಾಲ್ ಎಂಬ ಊರಿನ ಕಡೆಯಿಂದ ಸುತ್ತಿ ಹೋಗಬೇಕು. ಹೊರಡುವ ಬೆಳಿಗ್ಗೆ ಪಾರ್ಕ್ ಇಲಾಖೆಯ ಎಚ್ಚರಿಕೆಯ ಪುಟ ನೋಡದೆ ಮನೆ ಬಿಡಬೇಡಿ ಅಂತ ಮೇಷ್ಟ್ರು ಮೂರು ಕಡೆ ಬರೆದಿದ್ದರು. ಮೂರನ್ನೂ ಹಾಗೇ ಉಳಿಸಿಕೊಂಡಿದ್ದೇವೆ.

ಇನ್ನು ನಮ್ಮ ಅಕ್ಕ.

ತೀರ್ಥಹಳ್ಳಿ ಕಡೆಯವರು, ತುರ್ತು ವಿಭಾಗದಲ್ಲಿ ನರ್ಸ್ ಕೆಲಸ. ಅಷ್ಟು ಹೇಳಿದರೆ ಇಲ್ಲಿಯ ಕನ್ನಡದವರಿಗೆ ಯಾರೆಂದು ಗೊತ್ತಾಗುತ್ತದೆ. ಉಣುಗು ಕಚ್ಚಿ ಹಿರಿಯರೊಬ್ಬರು ಆಸ್ಪತ್ರೆ ಸೇರಿದ ಆ ರಾತ್ರಿಯ ಸಂಗತಿಯೂ ಇಲ್ಲಿಯವರಿಗೆ ಗೊತ್ತಿದೆ, ಮತ್ತೆ ಬಿಡಿಸುವುದು ಬೇಡ. ಹಿರಿಯರು ಚೇತರಿಸಿಕೊಂಡು ಊರು ಸೇರಿದ್ದಾರೆ, ಮೊನ್ನೆ ಫೋನಿನಲ್ಲಿ ನಕ್ಕು ಮಾತಾಡಿದರು. ಅಂದು ಅಕ್ಕನ ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ಯೂನಿಫಾರ್ಮಿನಲ್ಲೇ ಹೊರಗಿನ ಕುರ್ಚಿಯಲ್ಲಿ, ಆ ಹಿರಿಯರ ಮನೆಯ ಅಮ್ಮನ ಪಕ್ಕದಲ್ಲಿ, ಬೆಳಕು ಹರಿಯುವ ತನಕ ಕೂತಿದ್ದರು. ಡಾಕ್ಟರ್ ಹೇಳಿದ್ದನ್ನೆಲ್ಲ ಮಲೆನಾಡಿನ ಮಾತಿನಲ್ಲಿ ಬಿಡಿಸಿ ಹೇಳಿದರು. ಹೇಳಲು ಏನೂ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ಇದ್ದರು.

ನಿಜ ಹೇಳಬೇಕೆಂದರೆ, ಆ ರಾತ್ರಿ ನಮಗೆ ಈ ಕೈಪಿಡಿಯೇ ಬೇಡವಾಗಿತ್ತು. ವಯಸ್ಸಾದವರನ್ನು ಕಾಡಿಗೆ ಕಳಿಸಲು ನಾವು ಯಾರು ಅನ್ನುವ ಭಯ. ಕೈಕಾಲು ಆಡುತ್ತಿರಲಿಲ್ಲ. ಬೆಳಿಗ್ಗೆ ಅಕ್ಕ ಹೇಳಿದ್ದು ಇಷ್ಟೇ: "ಪುಸ್ತಕ ನಿಲ್ಲಿಸಿದರೆ ಉಣುಗು ಕಚ್ಚುವುದು ನಿಲ್ಲುತ್ತದಾ? ಹಿತ್ತಲಲ್ಲೂ ಕಚ್ಚುತ್ತದೆ. ಬರೆಯಿರಿ, ಸರಿಯಾಗಿ ಬರೆಯಿರಿ. ಆ ಪುಟ ನಾನು ನೋಡುತ್ತೇನೆ." ನೋಡುವುದಷ್ಟೇ ಅಲ್ಲ, ಪೂರ್ತಿ ಅವರೇ ಬರೆದರು.

ಉಣುಗಿನ ಪುಟ ಎಲ್ಲಕ್ಕಿಂತ ಮುಖ್ಯ. ಮಲೆನಾಡಿನವರಿಗೆ ಉಣುಗು ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮಂಗನ ಕಾಯಿಲೆ ಕಂಡಾಗಿನಿಂದ ಅದರ ಹೆದರಿಕೆಯೂ ಗೊತ್ತು. ಆದರೆ ಮೈಮೇಲೆ ಕಂಡ ಕೂಡಲೇ ಉಗುರಿನಿಂದ ಕಿತ್ತು ಎಸೆಯುವುದು ನಮ್ಮ ಹಳೆಯ ರೂಢಿ. ಇಲ್ಲಿ ಅಪಾಯ ಇರುವುದೇ ಆ ರೂಢಿಯಲ್ಲಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಪಾರ್ಶ್ವವಾಯು ಉಣುಗನ್ನು (ಪ್ಯಾರಾಲಿಸಿಸ್ ಟಿಕ್) ಬೆರಳಲ್ಲಿ ಹಿಸುಕಿದರೆ ಅದರ ಜೊಲ್ಲು ಒಳಗೆ ಹೋಗುತ್ತದೆ. ಕೆಲವರ ಮೈ ಅದಕ್ಕೆ ಕೆಲವೇ ನಿಮಿಷಗಳಲ್ಲಿ ತೀವ್ರ ಅಲರ್ಜಿಯಿಂದ ಪ್ರತಿಕ್ರಿಯಿಸುತ್ತದೆ. ಅದಕ್ಕೇ ಅಕ್ಕ ಕೊಟ್ಟ ಕ್ರಮ: ಕೀಳಬೇಡಿ, ತುರಿಸಬೇಡಿ, ಎಣ್ಣೆ ಸ್ಪಿರಿಟ್ಟು ಹಚ್ಚಬೇಡಿ. ಫಾರ್ಮಸಿಯಲ್ಲಿ ಈಥರ್ ಇರುವ, ಉಣುಗನ್ನು ಹೆಪ್ಪುಗಟ್ಟಿಸುವ ಸ್ಪ್ರೇ ಸಿಗುತ್ತದೆ. ಅದನ್ನು ಉಣುಗಿನ ಮೇಲೆ ನೇರವಾಗಿ ಸಿಂಪಡಿಸಿ ಕಚ್ಚಿದಲ್ಲೇ ಸಾಯಲು ಬಿಡಿ. ಸಾಯಲು ಐದು ಹತ್ತು ನಿಮಿಷ, ತಾನಾಗಿ ಉದುರಲು ಗಂಟೆಗಟ್ಟಲೆ ಬೇಕಾಗಬಹುದು. ಉದುರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಎಳ್ಳುಕಾಳಿನಷ್ಟು ಚಿಕ್ಕ ಮರಿಗಳಿಗೆ ಪರ್ಮೆತ್ರಿನ್ ಎಂಬ ಹುಳ ಕೊಲ್ಲುವ ಮುಲಾಮು. ಹಿಂದೆ ಒಮ್ಮೆ ಅಲರ್ಜಿ ಆದವರು ಇದನ್ನು ಮನೆಯಲ್ಲಿ ಮಾಡಲೇಬಾರದು, ಆಸ್ಪತ್ರೆಯಲ್ಲೇ ಆಗಬೇಕು. ಉಸಿರು ಕಟ್ಟಿದರೆ, ಗಂಟಲು ನಾಲಿಗೆ ಊದಿದರೆ, ತಲೆ ಸುತ್ತಿದರೆ ಇಲ್ಲಿಯ ತುರ್ತು ಸಂಖ್ಯೆ 000ಕ್ಕೆ ಫೋನ್ ಮಾಡಿ. ಅವರನ್ನು ನಿಲ್ಲಿಸಬೇಡಿ, ನಡೆಸಬೇಡಿ, ಮಲಗಿಸಿ. ಮಲಗಿದರೆ ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ.

ಕಚ್ಚದಂತೆ ನೋಡಿಕೊಳ್ಳುವುದೂ ಇದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿಬಣ್ಣದ ಬಟ್ಟೆ ಹಾಕಿ, ಹುಲ್ಲಿನ ಅಂಚಿಗೆ ಕೂರಬೇಡಿ. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಹಾಕಿದ ಬಟ್ಟೆಯನ್ನು ಡ್ರೈಯರಿನಲ್ಲಿ ಬಿಸಿಗೆ ಇಪ್ಪತ್ತು ನಿಮಿಷ ತಿರುಗಿಸಿ. ಮಳೆಗಾಲದ ಇಂಬಳದ ಬಗ್ಗೆ ಒಂದೇ ಸಾಲು ಸಾಕು ಅಂದರು. ಅದು ಅಸಹ್ಯ ಅಷ್ಟೇ, ಅಪಾಯವಲ್ಲ.

ಹಾವಿನ ಪುಟಕ್ಕೆ ಅಕ್ಕ ಬಹಳ ಹೊತ್ತು ಕೊಟ್ಟರು, ಕಾರಣವಿದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ ಅಂತ ಊರಿನಲ್ಲಿ ಕೇಳಿ ಬಂದವರು ನಾವು. ಅಲ್ಲಿ ಅದು ಸರಿ. ಕೊಳಕುಮಂಡಲದಂಥವು ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತವೆ, ಕಟ್ಟಿದರೆ ಇನ್ನೂ ಕೆಡುತ್ತದೆ. ಇಲ್ಲಿಯ ಹಾವುಗಳ ವಿಷ ದುಗ್ಧರಸದ (ಲಿಂಫ್) ಮೂಲಕ ನಿಧಾನವಾಗಿ ಮೈಗೇರುತ್ತದೆ, ಅದನ್ನು ತಡೆಹಿಡಿಯುವುದೇ ಪ್ರಥಮ ಚಿಕಿತ್ಸೆ. 10ರಿಂದ 15 ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಮೊದಲು ಕಚ್ಚಿದ ಜಾಗಕ್ಕೆ ಸುತ್ತಿ. ಆಮೇಲೆ ಇನ್ನೊಂದನ್ನು ಬೆರಳ ತುದಿಯಿಂದ ಮೇಲಕ್ಕೆ ಇಡೀ ಕಾಲಿಗೆ ಸುತ್ತಿ, ಕೋಲು ಕೊಟ್ಟು ಅಲುಗದಂತೆ ಕಟ್ಟಿ. ಉಳುಕಿಗೆ ಕಟ್ಟುವಷ್ಟು ಬಿಗಿ ಇರಲಿ, ಹಗ್ಗ ಬೇಡ. ತೊಳೆಯಬೇಡಿ, ಕೊಯ್ಯಬೇಡಿ. ಒಂದು ಹೆಜ್ಜೆಯೂ ನಡೆಸಬೇಡಿ, ಸಹಾಯ ಅಲ್ಲಿಗೇ ಬರಲಿ. ಪ್ರತಿ ಗುಂಪಿಗೂ ಎರಡು ಬ್ಯಾಂಡೇಜ್ ಇರಲೇಬೇಕು.

ಇಂಗ್ಲಿಷ್ ಬಾರದ ಅಮ್ಮ ಒಬ್ಬರೇ ಇದ್ದರೆ ಏನು ಮಾಡಬೇಕು? ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಕ್ಕನಿಗೆ ಹೊಳೆಯಿತು. 000 ಒತ್ತಿ "ಆಂಬ್ಯುಲೆನ್ಸ್" ಅನ್ನಬೇಕು, ಲೈನ್ ಸಿಕ್ಕ ಮೇಲೆ "ಕನ್ನಡ" ಅನ್ನಬೇಕು, ದುಭಾಷಿ ಬರುವ ತನಕ ಫೋನ್ ಇಡಬಾರದು. ಜಾಗ ಹೇಳಲು ಎಮರ್ಜೆನ್ಸಿ ಪ್ಲಸ್ ಆ್ಯಪನ್ನು ಮಕ್ಕಳು ಮೊದಲೇ ಹಾಕಿಕೊಟ್ಟಿರಲಿ. ನದಿಯ ಕಣಿವೆಯಲ್ಲಿ ಸಿಗ್ನಲ್ ಸಿಗದ ಕಡೆಗಳಿವೆ, ಹಾಗಾಗಿ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಮನೆಯಲ್ಲಿ ಹೇಳಿಯೇ ಹೊರಡಬೇಕು.

ಜಿಬ್ಬನ್ ಲೂಪಿನ ಪುಟ ಮಾಡಿದ ಹುಡುಗಿಯರು, ಕಾರಿಲ್ಲದವರಿಗೂ ಒಂದು ದಾರಿ ಬೇಕು ಅಂತ ಹಟ ಹಿಡಿದವರು. ಕ್ರೊನುಲ್ಲಾ ತನಕ ರೈಲು, ಅಲ್ಲಿಂದ ಬಂಡೀನಾಕ್ಕೆ ಅರ್ಧ ಗಂಟೆಯ ದೋಣಿ, ಆಮೇಲೆ ಸುಮಾರು 5 ಕಿಲೋಮೀಟರಿನ ಸುತ್ತು. ದರ್ಜೆ ಮೂರು, ಮರಳಿನಲ್ಲಿ ನಡೆಯಬೇಕು, ಎಲ್ಲರಿಗೂ ಅಲ್ಲ. ಈ ನೆಲದ ಮೂಲನಿವಾಸಿಗಳಾದ ಧಾರವಾಲ್ ಜನರ ಕಲ್ಲುಕೆತ್ತನೆಗಳು ಇಲ್ಲಿವೆ, ತಿಮಿಂಗಿಲ, ತೊರಕೆ ಮೀನು, ಕಾಂಗರೂ. ನಡು ಮಧ್ಯಾಹ್ನ ಹೋದರೆ ಗೆರೆಗಳು ಕಾಣುವುದೇ ಇಲ್ಲ. ಬೆಳಿಗ್ಗೆಯ ಅಥವಾ ಇಳಿಹೊತ್ತಿನ ಓರೆಬಿಸಿಲು ಬೇಕು. ಅಟ್ಟಣೆಯ ಮೇಲಿನಿಂದಲೇ ನೋಡಿ, ಬಂಡೆಯ ಮೇಲೆ ಕಾಲಿಡಬೇಡಿ. ಇದು ಅವರ ನೆಲ, ನಾವು ಅತಿಥಿಗಳು.

ಬೆಂಕಿಯ ಪುಟಕ್ಕೆ ಸಹಾಯ ಮಾಡಿದವರು, ಕಾರಿನಲ್ಲಿ ಕರೆದುಕೊಂಡು ಹೋದವರು, ಕರಡು ತಿದ್ದಿದವರು, ಕಾಗದದ ಖರ್ಚು ಹಂಚಿಕೊಂಡವರು, ಚಿತ್ರಾನ್ನ ಮೊಸರನ್ನ ಕಟ್ಟಿಕೊಟ್ಟ ಅತ್ತಿಗೆಯಂದಿರು, ಎಲ್ಲರಿಗೂ ಕೈಮುಗಿದು ನಮಸ್ಕಾರ. 1994ರ ಜನವರಿಯಲ್ಲಿ ಈ ಪಾರ್ಕಿನ ಶೇಕಡಾ 90ಕ್ಕೂ ಹೆಚ್ಚು ಭಾಗ ಸುಟ್ಟಿತ್ತು. ಟೋಟಲ್ ಫೈರ್ ಬ್ಯಾನ್ (ಹೊರಗೆ ಬೆಂಕಿ ಹಚ್ಚಲು ಪೂರ್ತಿ ನಿಷೇಧ) ಇರುವ ದಿನ ಮನೆಯಲ್ಲೇ ಇರಿ ಅನ್ನುವ ಸಾಲನ್ನು ಹೊರರಟ್ಟಿಗೇ ತಂದಿದ್ದೇವೆ.

ಅಕ್ಕಾ, ಮುಂದಿನ ಅಚ್ಚಿಗೆ ಮೊದಲು ನಿಮ್ಮ ಪುಟಗಳನ್ನು ಮತ್ತೊಮ್ಮೆ ನೋಡಿಕೊಡಬೇಕು. ಇಲ್ಲಿಯ ಪ್ರಥಮ ಚಿಕಿತ್ಸೆಯ ಸೂಚನೆ ಬದಲಾದರೆ ನಮ್ಮದೂ ಬದಲಾಗಬೇಕು. ನಿಮ್ಮ ಪಾಳಿ ಇಲ್ಲದ ದಿನ ಹೇಳಿ, ಪ್ರತಿ ತೆಗೆದುಕೊಂಡು ನಾವೇ ಮನೆಗೆ ಬರುತ್ತೇವೆ.